ಕೆಂಪು ಹಾಳೆ

ತಪ್ಪು ಒಪ್ಪಿಕೊಂಡವರಿಗೆ ಈ ಆಸ್ಪತ್ರೆಯಲ್ಲಿ ಇನ್ನು ಶಿಕ್ಷೆ ಇಲ್ಲ ಎಂದು ರೋಗಿಗಳ ಸುರಕ್ಷತೆಯ ಮೇಡಂ ಮೂರನೆಯ ಸಲ ಹೇಳಿದಾಗ ಅವನು ಅದನ್ನು ಮತ್ತೆ ಬರೆದುಕೊಳ್ಳಲಿಲ್ಲ. ಯಾರು ಎಷ್ಟು ಸಲ ಹೇಳಿದರೂ ಒಂದು ಮಾತಿಗೆ ಒಂದೇ ಸಾಲು ಎಂಬುದು ಇಪ್ಪತ್ತೆರಡು ವರ್ಷಗಳಿಂದ ಅವನು ಇಟ್ಟುಕೊಂಡ ಲೆಕ್ಕ. ರೆಕಾರ್ಡ್ ರೂಮಿನ ಕಡತಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಸಭೆಗಳ ನಡಾವಳಿ ಬರೆಯುವುದು, ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಯಾರೋ ಅವನ ಕೊರಳಿಗೆ ಕಟ್ಟಿ ಹೋದ ಕೆಲಸ. ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ವೈದ್ಯರು ತೊಡೆಯ ಮೇಲೆ ಫೋನಿಟ್ಟುಕೊಂಡು ತಲೆಬಗ್ಗಿಸಿ ಕೂತಿದ್ದರು, ದೂರದಿಂದ ನೋಡಿದರೆ ಪಶ್ಚಾತ್ತಾಪ ಪಡುತ್ತಿದ್ದಾರೆ ಅನ್ನಿಸುವ ಹಾಗೆ. ಹಿಂದಿನ ಸಾಲುಗಳಲ್ಲಿ ನರ್ಸುಗಳು. ಕುರ್ಚಿಗಳು ಖಾಲಿ ಇದ್ದರೂ ನೆಲ ಒರೆಸುವವರು ಗೋಡೆಗೆ ಆತು ನಿಂತಿದ್ದರು. ಇಲ್ಲಿ ಎಲ್ಲರೂ ಸಮಾನರು ಎಂದು ಪರದೆಯ ಮೇಲೆ ಬಂದಾಗಲೂ ಅವರು ಕೂರಲಿಲ್ಲ, ಕೂರಿ ಎಂದು ಮೇಡಂ ಸಹ ಹೇಳಲಿಲ್ಲ. ಅದನ್ನೂ ಅವನು ಗಮನಿಸಿದ. ಇಂಥವನ್ನು ಗಮನಿಸುವುದರಲ್ಲಿ ಅವನಿಗೆ ಸಿಗುವ ಸುಖ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ತನ್ನನ್ನು ಅಲ್ಪವಿರಾಮ ಎಂದು ಕರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಹೆರಿಗೆ ವಾರ್ಡಿನ ಒಬ್ಬಳ ರಜೆ ಅರ್ಜಿಯನ್ನು ಕಾಗುಣಿತ, ಅಲ್ಪವಿರಾಮ ತಿದ್ದಿ ವಾಪಸು ಕಳಿಸಿದ್ದರಿಂದ ಬಂದ ಹೆಸರು. ಅದರಿಂದ ಅವನಿಗೆ ಬೇಸರವಾಗಿರಲಿಲ್ಲ. ವಾಕ್ಯದಲ್ಲಿ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲದ ಜನ ಇಟ್ಟ ಹೆಸರು ಅದು.

ಈಗ ಎಲ್ಲರೂ ಕಣ್ಣು ಮುಚ್ಚಿಕೊಂಡು ತಾವು ಮಾಡಿದ ಒಂದೇ ಒಂದು ತಪ್ಪನ್ನು ನೆನಪಿಸಿಕೊಳ್ಳಬೇಕು ಎಂದಳು ಮೇಡಂ. ಇನ್ನೂರು ಜನ ಕಣ್ಣು ಮುಚ್ಚಿದರು. ಅವನು ಮುಚ್ಚಲಿಲ್ಲ. ನಡಾವಳಿ ಬರೆಯುವವನು ಕಣ್ಣು ಮುಚ್ಚಬೇಕೆಂದು ಯಾವ ನಿಯಮದಲ್ಲಿದೆ? ಕಣ್ಣು ಮುಚ್ಚಿದ ಮುಖಗಳಷ್ಟು ಪೆದ್ದಾದ ವಸ್ತು ಇನ್ನೊಂದಿಲ್ಲ ಅನ್ನಿಸಿತು. ಮೂಳೆ ವೈದ್ಯ ನಿಜವಾಗಿಯೂ ನಿದ್ದೆಹೋಗಿದ್ದ. ದೊಡ್ಡವರು, ಅಂದರೆ ಆಸ್ಪತ್ರೆಯ ಮುಖ್ಯ ವೈದ್ಯರು, ಫೋಟೋಗೆ ಕೂತ ಹಾಗೆ ಗದ್ದ ಎತ್ತಿ ಕೂತಿದ್ದರು. ಆ ಮನುಷ್ಯನಿಗೆ ನೆನಪಾಗಿರಬಹುದಾದ ತಪ್ಪು ಯಾವುದು, ಇಂಥ ಆಸ್ಪತ್ರೆಗೆ ಬಂದದ್ದೇ ತನ್ನ ತಪ್ಪು ಅಂದುಕೊಂಡಿರಬೇಕು. ಒಬ್ಬ ನರ್ಸಿನ ತುಟಿ ಅಲುಗುತ್ತಿತ್ತು. ಅಷ್ಟರಲ್ಲಿ ಮೇಡಂ ಅವನ ಕಡೆ ನೋಡಿದಳು, ಮಗುವಿಗೆ ಸನ್ನೆ ಮಾಡುವಂತೆ ತನ್ನ ಕಣ್ಣೆವೆಗಳನ್ನು ಮೆಲ್ಲಗೆ ಇಳಿಸಿ ತೋರಿಸಿದಳು. ಬೇರೆ ದಾರಿಯಿಲ್ಲದೆ ಅವನೂ ಮುಚ್ಚಿದ. ಮುಚ್ಚಿದ ಕೂಡಲೇ ಕೆಂಪು.

ಕೆಂಪು ಹಾಳೆ ಅಂದರೆ, ಯಾವ ಔಷಧಿ ರೋಗಿಯ ಮೈಗೆ ಆಗುವುದಿಲ್ಲ ಎಂದು ಹೊರರೋಗಿ ವಿಭಾಗದ ವೈದ್ಯ ಬರೆದು ಕಳಿಸುವ ಹಾಳೆ. ಅದನ್ನು ರೋಗಿಯ ಸಂಖ್ಯೆ ನೋಡಿ ಅವನ ಕಡತದಲ್ಲಿ ಮೇಲಕ್ಕೆ ಕಟ್ಟಬೇಕಾದವನು ಇವನು. ಮೂರು ವಾರಗಳ ಹಿಂದೆ ಒಂದೇ ಹೆಸರಿನ ಇಬ್ಬರು ಒಂದೇ ದಿನ ದಾಖಲಾಗಿದ್ದರು. ಒಬ್ಬ ಹರ್ನಿಯಾ ಆಪರೇಷನ್ನಿಗೆ ಬಂದ ಬೀಗ ರಿಪೇರಿಯವನು, ಇನ್ನೊಬ್ಬ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದ ನಿವೃತ್ತ ಮೇಷ್ಟರು. ಒಬ್ಬನ ಸಂಖ್ಯೆ ನಾಲ್ಕು ಸಾವಿರದ ನೂರ ಎಂಬತ್ತಾರು, ಇನ್ನೊಬ್ಬರದು ಎಂಬತ್ತೆಂಟು. ಬೀಗದವನ ಕೆಂಪು ಹಾಳೆ ಮೇಷ್ಟರ ಕಡತಕ್ಕೆ ಹೋಯಿತು. ಮಾರನೆಯ ದಿನ ಮಧ್ಯಾಹ್ನ, ಆಪರೇಷನ್ ಮುಗಿದು ಎರಡನೇ ವಾರ್ಡಿನಲ್ಲಿ ಅರೆನಿದ್ದೆಯಲ್ಲಿ ಮಲಗಿದ್ದ ಬೀಗದವನಿಗೆ ವೈದ್ಯರು ಬರೆದಿದ್ದ ಇಂಜೆಕ್ಷನ್ನನ್ನು ನರ್ಸ್ ಕೊಟ್ಟಳು. ಅದೇ ಅವನಿಗೆ ಆಗದ ಔಷಧಿ. ಐದು ನಿಮಿಷದಲ್ಲಿ ಮುಖ ಊದಿಕೊಂಡು ಉಸಿರು ಕಟ್ಟಿತು. ನಾಲ್ಕು ದಿನ ಯಂತ್ರ ಅವನ ಪರವಾಗಿ ಉಸಿರಾಡಿತು. ಆಮೇಲೆ ಬದುಕಿದ. ಬದುಕಿದ್ದರಿಂದ ಅದು ಘಟನೆ ಎನಿಸಿಕೊಂಡಿತು, ಸತ್ತಿದ್ದರೆ ಪ್ರಕರಣವಾಗುತ್ತಿತ್ತು. ಈ ಎರಡು ಪದಗಳ ನಡುವಿನ ವ್ಯತ್ಯಾಸಕ್ಕಾಗಿ ದೊಡ್ಡವರು ಸಿಹಿ ಹಂಚದೆ ಬಿಟ್ಟದ್ದೇ ಹೆಚ್ಚು.

ಇಷ್ಟೇ ಆಗಿದ್ದರೆ ಅದು ತಪ್ಪು ಅಷ್ಟೆ. ಮೇಡಂ ಹೇಳುವ, ಕಣ್ಣು ಮುಚ್ಚಿ ನೆನೆಯಬಹುದಾದಂಥ ತಪ್ಪು. ರೋಗಿಯನ್ನು ಐಸಿಯುಗೆ ಸಾಗಿಸಿದ ಗಂಟೆಯೊಳಗೆ ವಾರ್ಡಿನ ಕಡತವನ್ನು ವಿಚಾರಣೆಗೆಂದು ರೆಕಾರ್ಡ್ ರೂಮಿಗೆ ಇಳಿಸಿದರು. ಮೇಷ್ಟರು ಅಂದೇ ಬೆಳಿಗ್ಗೆ ಹಸಿರು ಕನ್ನಡಕ ಹಾಕಿಕೊಂಡು ಮನೆಗೆ ಹೋಗಿದ್ದರಿಂದ ಅವರ ಕಡತವೂ ಮೇಜಿನ ಮೇಲೇ ಇತ್ತು. ಇವನು ಬೀಗದವನ ಕಡತ ಬಿಚ್ಚಿ ನೋಡಿದ. ಕೆಂಪು ಇಲ್ಲ. ಆಮೇಲೆ ಕೈ, ಯಾರೂ ಹೇಳದೆ, ಪಕ್ಕದ ಕಡತಕ್ಕೆ ಹೋಯಿತು. ಅಲ್ಲಿತ್ತು. ಅವನು ದಾರ ಬಿಚ್ಚಿದ, ಹಾಳೆ ತೆಗೆದ, ಇರಬೇಕಾದಲ್ಲಿ ಕಟ್ಟಿದ, ಅಂಚು ಸರಿಮಾಡಿದ. ತಪ್ಪು ಜಾಗದಲ್ಲಿ ಇದ್ದದ್ದನ್ನು ಸರಿಯಾದ ಜಾಗಕ್ಕೆ ಇಡುವುದನ್ನೇ ಅಲ್ಲವೇ ಜೀವಮಾನವೆಲ್ಲ ಮಾಡಿಕೊಂಡು ಬಂದದ್ದು. ಆ ಕ್ಷಣದಲ್ಲಿ ಭಯವೂ ಇರಲಿಲ್ಲ, ಲೆಕ್ಕಾಚಾರವೂ ಇರಲಿಲ್ಲ ಎಂದು ಅವನು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಆದರೆ ಆ ಕೆಲಸಕ್ಕೆ ಕೈ ಹಾಕುವ ಮೊದಲು ಅವನು ಬಾಗಿಲ ಚಿಲಕ ಹಾಕಿ ಬಂದಿದ್ದ.

ಮೂರನೆಯ ದಿನ ವಿಚಾರಣಾ ಸಮಿತಿಯ ಮುಂದೆ ನರ್ಸ್ ನಿಂತಳು. ಹದಿನಾಲ್ಕು ವರ್ಷದ ಸರ್ವಿಸ್‌ನವಳು, ನಲವತ್ತರ ಹತ್ತಿರದ ವಯಸ್ಸು, ರಜೆ ಅರ್ಜಿಯಲ್ಲಿ ಕಾಗುಣಿತ ತಪ್ಪದ ಇಬ್ಬರು ಮೂವರಲ್ಲಿ ಒಬ್ಬಳು. ಆ ಕಾರಣಕ್ಕೆ ಅವಳ ಬಗ್ಗೆ ಇವನಿಗೆ ಒಂದು ಬಗೆಯ ಒಲವು ಕೂಡ ಇತ್ತು. ಹಾಳೆ ಇರಲಿಲ್ಲ ಸರ್ ಎಂದಳು. ನೋಡಿದೆ, ಎರಡು ಸಲ ನೋಡಿದೆ. ರೋಗಿಯನ್ನೂ ಕೇಳಿದೆ, ಅವರು ಮಂಪರಿನಲ್ಲಿದ್ದರು ಎಂದಳು. ದೊಡ್ಡವರು ಕಡತ ತೆರೆದು, ಹೋಟೆಲಿನಲ್ಲಿ ತಿಂಡಿಯ ಪಟ್ಟಿ ತಿರುಗಿಸುವಂತೆ, ಅವಳ ಕಡೆ ತಿರುಗಿಸಿದರು. ಕೆಂಪು ಹಾಳೆ ಎಲ್ಲಕ್ಕಿಂತ ಮೇಲಿತ್ತು. ಅವಳು ಅದನ್ನು ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು, ಒದ್ದೆಯೋ ಒಣಗಿದೆಯೋ ಎಂದು ಬಟ್ಟೆ ಮುಟ್ಟಿ ನೋಡುವ ಹಾಗೆ. ಅವಳು ವಾದ ಮಾಡಬಹುದು, ಯಾರೋ ಆಮೇಲೆ ಇಟ್ಟಿದ್ದಾರೆ ಎಂದು ಕಿರುಚಬಹುದು ಎಂದು ಮೇಜಿನ ಮೂಲೆಯಲ್ಲಿ ಪೆನ್ನು ಹಿಡಿದು ಕೂತವನು ಕಾದ. ಕಿರುಚಿದ್ದರೆ ತಾನು ಬಾಯಿಬಿಡುತ್ತಿದ್ದೆ ಎಂಬ ಸುಳ್ಳನ್ನು ಕೂಡ ಆ ಹೊತ್ತಿಗೇ ಅವನು ಸಿದ್ಧಮಾಡಿಟ್ಟುಕೊಂಡಿದ್ದ. ಅವಳು ಕಿರುಚಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಆ ಹಾಳೆಯನ್ನೇ ನೋಡುತ್ತ, ಹಾಗಾದರೆ ನನಗೆ ಕಾಣಲಿಲ್ಲವೇನೋ ಎಂದಳು. ಅವನು ಬರೆದುಕೊಂಡ: ಕೆಂಪು ಹಾಳೆ ಕಡತದಲ್ಲಿಯೇ ಇತ್ತು, ಶುಶ್ರೂಷಕಿಯು ಗಮನಿಸಿರುವುದಿಲ್ಲ. ಶುಶ್ರೂಷಕಿ ಎಂಬ ಪದದಲ್ಲಿ ಷಕಾರ ಶಕಾರಗಳು ಸರಿಯಾಗಿವೆಯೇ ಎಂದು ಇನ್ನೊಮ್ಮೆ ನೋಡಿಕೊಂಡ. ಅದಾಗಿ ವಾರಕ್ಕೆ ಅವಳು ರಾಜೀನಾಮೆ ಕೊಟ್ಟಳು. ಕೊಡಿಸಿದರು.

ಚಪ್ಪಾಳೆ ಕೇಳಿ ಕಣ್ಣು ಬಿಟ್ಟ. ವೇದಿಕೆಯ ಮೇಲೆ ಪ್ರಹಸನ ಶುರುವಾಗಿತ್ತು. ನೆಲ ಒರೆಸುವವಳೊಬ್ಬಳಿಗೆ ವೈದ್ಯರ ಬಿಳಿ ಕೋಟು ತೊಡಿಸಿದ್ದರು. ದೊಡ್ಡವರು ಆಯಾ ಆಗಿ ಪೊರಕೆ ಹಿಡಿದಿದ್ದರು. ಸರ್, ತಾವು ಕೈ ತೊಳೆದಿಲ್ಲ ಎಂದು ಆಯಾ ಆದವರು ವೈದ್ಯರಿಗೆ ಧೈರ್ಯವಾಗಿ ಹೇಳಬೇಕು, ವೈದ್ಯರು ಧನ್ಯವಾದ ಹೇಳಿ ತೊಳೆಯಬೇಕು. ದೊಡ್ಡವರು ಚೆನ್ನಾಗಿ ಹೇಳಿದರು. ಬಿಳಿ ಕೋಟಿನವಳು ಧನ್ಯವಾದ ಹೇಳುವ ಬದಲು ಅಭ್ಯಾಸಬಲದಿಂದ ತಪ್ಪಾಯ್ತು ಸರ್ ಅಂದುಬಿಟ್ಟಳು. ಸಭಾಂಗಣವೆಲ್ಲ ನಕ್ಕಿತು, ದೊಡ್ಡವರೂ ನಕ್ಕರು, ಮೇಡಂ ನಗುತ್ತ ಅವಳ ಬೆನ್ನು ತಟ್ಟಿದಳು. ಅವನು ನಗಲಿಲ್ಲ. ನಗದೆ ಇರುವುದರಲ್ಲಿ ತಾನು ಇವರೆಲ್ಲರಿಗಿಂತ ಮೇಲಿನವನೆಂಬ ಹಳೆಯ ಬೆಚ್ಚನೆಯ ಭಾವ ಏಳುತ್ತದೆಂದು ಕಾದ. ಅದು ಬರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಗೊತ್ತಾಗಿರಬಹುದು ಎಂಬ ಸಂಶಯ ಭಾನುವಾರದಿಂದ ಅವನನ್ನು ಕಾಡುತ್ತಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಆಸ್ಪತ್ರೆಯ ಘಟನೆ ಅವಳ ಅಂಗಡಿಯವರೆಗೂ ಸುದ್ದಿಯಾಗಿತ್ತು. ಕಾಗದವನ್ನು ಅವನು ತೋಳುದ್ದ ದೂರ ಹಿಡಿದು ಓದುವುದನ್ನು ಆರು ತಿಂಗಳ ಹಿಂದೆಯೇ ಕಂಡು, ಬಲವಂತವಾಗಿ ಪರೀಕ್ಷೆ ಮಾಡಿಸಿ, ಹೊಸ ಕನ್ನಡಕವನ್ನೂ ತಂದುಕೊಟ್ಟಿದ್ದಳು. ಅದು ಡಬ್ಬಿಯಲ್ಲೇ ಇತ್ತು. ಐವತ್ತಮೂರನೇ ವಯಸ್ಸಿಗೆ ಕಣ್ಣು ಮಂಜಾಗುವುದು ಬೇರೆಯವರಿಗೆ, ಅಕ್ಷರ ನೋಡದೆ ಬದುಕುವವರಿಗೆ ಎಂದು ಅವನು ನಂಬಿದ್ದ. ಭಾನುವಾರ ಮಾತ್ರೆಯ ಪಟ್ಟಿಯೊಂದನ್ನು ಕೊಟ್ಟು ಇದರ ವಾಯಿದೆ ಯಾವಾಗ ಮುಗಿಯುತ್ತದೆ ನೋಡಿ ಎಂದಳು. ಎಂಟನೇ ತಿಂಗಳು ಎಂದ. ಅವಳು ತೆಗೆದುಕೊಂಡು ನೋಡಿ, ಆರು, ಮುಗಿದುಹೋಗಿದೆ ಎಂದಳು. ಆಮೇಲೆ ಕೇಳಿದಳು:

“ರೀ, ಆಸ್ಪತ್ರೇಲೂ ಹೀಗೇನಾ ಓದೋದು?”

ನಿನ್ನ ಅಂಗಡಿ ವ್ಯಾಪಾರವನ್ನು ಮನೆಯೊಳಗೆ ತರಬೇಡ ಎಂದು ಅವನು ಸಿಡುಕಿದ. ಅವಳು ಮಾತ್ರೆಗಳನ್ನು ಒಂದೊಂದಾಗಿ ಒಡೆದು ಕಸದ ಬುಟ್ಟಿಗೆ ಹಾಕಿದಳು. ಪ್ರತಿ ಮಾತ್ರೆ ಒಡೆಯುವಾಗಲೂ ಸಣ್ಣಗೆ ಪಟ್ ಎನ್ನುತ್ತಿತ್ತು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳ ಓದು ಕಡಿಮೆ ಎಂಬ ಕಾರಣಕ್ಕೆ ಅವಳ ಮಾತನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವನಿಗೆ ಆ ಶಬ್ದವನ್ನು ಬಿಡುವುದಾಗಲಿಲ್ಲ.

ಸಭೆ ಮುಗಿದು ಮಧ್ಯಾಹ್ನ ರೆಕಾರ್ಡ್ ರೂಮಿನ ಕಿಟಕಿಗೆ ಬೀಗದವನೇ ಬಂದು ನಿಂತ. ಮರುಪರೀಕ್ಷೆಗೆ ಕಾಗದಪತ್ರದ ನಕಲು ಬೇಕಿತ್ತಂತೆ. ಈ ಮನುಷ್ಯನನ್ನು ಅವನು ಹೆಸರಾಗಿ, ಸಂಖ್ಯೆಯಾಗಿ ಮಾತ್ರ ಬಲ್ಲವನಾಗಿದ್ದ. ಈಗ ಕಿಟಕಿಯ ಚೌಕಟ್ಟಿನಲ್ಲಿ ಒಂದು ಮುಖ, ಅರೆಬಿಳಿ ಗಡ್ಡ, ಕತ್ತಿನ ಕೆಳಗೆ ಕೊಳವೆ ಹಾಕಿದ್ದ ಗಾಯದ ಕಲೆ. ರಿಜಿಸ್ಟರಿಗೆ ಸಹಿ ಮಾಡಲು ಹೋದ ಬಲಗೈ ನಡುಗಿ ಪೆನ್ನು ಎರಡು ಸಲ ಜಾರಿತು. ಮೂರನೆಯ ಸಲ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಗೀಚಿದ. ನಾಚಿಕೆಯೇ ಇಲ್ಲದೆ ನಕ್ಕ. ನಾಲ್ಕು ದಿನ ಮಿದುಳಿಗೆ ಗಾಳಿ ಕಮ್ಮಿ ಬಿತ್ತಂತೆ, ಕೈ ಇನ್ನೂ ಮಾತು ಕೇಳುತ್ತಿಲ್ಲ, ಈ ಕಿಟಕಿಯ ಬೀಗ ಇದೆಯಲ್ಲ, ಇದನ್ನು ಮೊದಲಾದರೆ ಕಣ್ಣು ಮುಚ್ಚಿ ತೆಗೆಯುತ್ತಿದ್ದೆ, ಈಗ ಕೀಲಿ ಕೊಟ್ಟರೂ ಕಷ್ಟ ಎಂದ. ಈ ಖುಷಿ ಇವನಿಗೆ ಅಸಹ್ಯವಾಗಿ ಕಂಡಿತು. ಇಷ್ಟಾದರೂ ಕೋಪ ಬರದ ಜನ ಇರುವುದರಿಂದಲೇ ಈ ಆಸ್ಪತ್ರೆ ಹೀಗಿದೆ ಎಂದುಕೊಂಡ. ಬೇಗ ಕಳಿಸಿಬಿಡಬೇಕೆಂದು ನಕಲು ಕೈಗಿತ್ತ. ಬೀಗದವನು ಹೋಗಲಿಲ್ಲ. ದನಿ ತಗ್ಗಿಸಿದ.

“ಸರ್, ಆ ಸಿಸ್ಟರಮ್ಮನ್ನ ತೆಗೆದುಬಿಟ್ರಂತೆ. ಅವರು ನನ್ನ ಕೇಳಿದ್ರು ಸರ್, ಯಾವುದಾದ್ರೂ ಔಷಧಿ ಆಗಲ್ವಾ ಅಂತ. ನಾನೇ ಮಂಪರಲ್ಲಿ ಏನೂ ಇಲ್ಲ ಅಂದಿರಬೇಕು. ತಪ್ಪು ನಂದೇ. ಎಲ್ಲಾದ್ರೂ ಬರೆದುಕೊಡ್ಲಾ? ನೀವು ಹೇಳಿದ ಕಡೆ ಹೆಬ್ಬೆಟ್ಟು ಒತ್ತುತೀನಿ.”

ಅವನಿಗೆ ಸಿಟ್ಟು ಬಂತು. ಮರುಕವಲ್ಲ, ಪಶ್ಚಾತ್ತಾಪವಲ್ಲ, ಶುದ್ಧ ಸಿಟ್ಟು. ಮೂರು ವಾರಗಳಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಕಾಯುತ್ತಿದ್ದ ವಸ್ತುವನ್ನು ಯಾರೋ ದಾರಿಹೋಕ ತನ್ನದೆಂದು ಎತ್ತಿಕೊಂಡು ಹೊರಟ ಹಾಗಾಯಿತು. ನರ್ಸ್ ಒಪ್ಪಿಕೊಂಡಳು, ಈಗ ಇವನು ಒಪ್ಪಿಕೊಳ್ಳುತ್ತಿದ್ದಾನೆ. ತಪ್ಪು ಮಾಡದವರೆಲ್ಲ ಸಾಲುಗಟ್ಟಿ ಬಂದು ತನ್ನ ತಪ್ಪನ್ನು ಹಂಚಿಕೊಂಡು ಹೋದರೆ ಕೊನೆಗೆ ತನಗೆ ಏನು ಉಳಿಯಿತು? ಚಂದದ ಅಕ್ಷರ. ಬೀಗದವನಿಗೆ, ಏನೂ ಬರೆದುಕೊಡುವುದು ಬೇಡ, ಮನೆಗೆ ಹೋಗಿ ಎಂದು ಒರಟಾಗಿ ಹೇಳಿದ. ಕಿಟಕಿ ಮುಚ್ಚಿದ. ಮುಚ್ಚಿದ ಕಿಟಕಿಯ ಆಚೆ ಆ ಮನುಷ್ಯ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಎಳೆಯುತ್ತ ಹೋದದ್ದು ಕೇಳಿಸಿತು.

ಸುರಕ್ಷತೆಯ ಮೇಡಂ ಕೋಣೆ ಮೊದಲು ಹಾಸಿಗೆ ಬಟ್ಟೆಗಳ ಉಗ್ರಾಣವಾಗಿತ್ತು, ಈಗಲೂ ಸೋಪಿನ ವಾಸನೆ. ಗೋಡೆಯ ತುಂಬ ನಗುವ ವೈದ್ಯರ, ನಗುವ ರೋಗಿಗಳ ಚಿತ್ರ. ಅವನು ಕೂರದೆ, ಪೀಠಿಕೆ ಹಾಕದೆ, ಎಲ್ಲವನ್ನೂ ಹೇಳಿದ. ಹಾಳೆ ಬೇರೆ ಕಡತಕ್ಕೆ ಹೋದದ್ದು, ಆಮೇಲೆ ಬಾಗಿಲು ಹಾಕಿಕೊಂಡು ಬದಲಾಯಿಸಿದ್ದು, ಸಮಿತಿಯಲ್ಲಿ ಬಾಯಿ ಮುಚ್ಚಿಕೊಂಡು ಬರೆದದ್ದು. ಹೇಳುವಾಗ ದನಿ ನಡುಗಲಿಲ್ಲ. ಬೇರೆಯವರ ನಡಾವಳಿ ಓದುವಂತಿತ್ತು. ಅವಳು ಎರಡೂ ಕೈ ಎದೆಗೆ ಒತ್ತಿಕೊಂಡು ಕೇಳಿದಳು. ಕಣ್ಣಲ್ಲಿ ನೀರು ತುಂಬಿತು. ಆ ನೀರು ಕಂಡು ಅವನಿಗೆ, ಮೂರು ವಾರಗಳಲ್ಲಿ ಮೊದಲ ಬಾರಿಗೆ, ಯಾರೋ ನೆತ್ತಿಗೆ ಎಣ್ಣೆ ಇಟ್ಟ ಹಾಗೆ ತಂಪಾಯಿತು. ಹಾಗಾದದ್ದಕ್ಕೆ ತನ್ನ ಮೇಲೆ ಹೇಸಿಗೆಯೂ ಆಯಿತು.

“ನೀವು ಎಂಥ ಧೈರ್ಯ ಮಾಡಿದ್ದೀರಿ ಗೊತ್ತಾ? ನಾನು ಬಂದು ಎಂಟು ತಿಂಗಳಾಯ್ತು, ತಾವಾಗೇ ಬಂದು ಹೇಳಿದವರು ನೀವೇ ಮೊದಲು,” ಎಂದಳು.

ಮುಂದಿನ ಶುಕ್ರವಾರದ ಸಭೆಯಲ್ಲಿ ಇದನ್ನು ಅವನ ಬಾಯಿಂದಲೇ ಎಲ್ಲರಿಗೂ ಹೇಳಿಸಬೇಕೆಂದು ಅಲ್ಲೇ ತೀರ್ಮಾನಿಸಿದಳು. ಹಾಳೆ ಬೇರೆ ಕಡತಕ್ಕೆ ಹೋದ ಭಾಗ ಸಾಕು, ಆಮೇಲಿನದು ಸ್ವಲ್ಪ ಗೊಂದಲ ಮಾಡುತ್ತದೆ, ಬೇಡ. ಹಾಗಾದರೆ ನರ್ಸ್ ವಿಷಯ ಎಂದು ಅವನು ಕೇಳಿದ. ಅದು ಆಡಳಿತದವರಿಗೆ ಬಿಟ್ಟದ್ದು, ಬನ್ನಿ ಎಂದು ದೊಡ್ಡವರ ಕೋಣೆಗೆ ಕರೆದೊಯ್ದಳು. ದೊಡ್ಡವರು ಊಟ ಮುಗಿಸಿ ಹಲ್ಲಿನ ಸಂದಿಯಿಂದ ಏನನ್ನೋ ತೆಗೆಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಕಡ್ಡಿ ಬಿಸಾಡಿದರು.

“ನೋಡಿ, ಅವಳು ತಾನಾಗೇ ರಾಜೀನಾಮೆ ಕೊಟ್ಟಿದ್ದಾಳೆ. ರೋಗಿ ಬದುಕಿದ್ದಾನೆ. ಮುಗಿದದ್ದನ್ನ ಕೆದಕಿ ಯಾರಿಗೇನು ಲಾಭ? ನಿಮ್ಮ ಪ್ರಾಮಾಣಿಕತೆ ನಾವು ಮೆಚ್ಚಿದ್ದೀವಿ. ಆಯ್ತಲ್ಲ?”

ಮೇಡಂ ಚೀಲದಿಂದ ಒಂದು ಬಿಲ್ಲೆ ತೆಗೆದು ಅವನ ಅಂಗಿಗೆ ಚುಚ್ಚಿದಳು. ಸುರಕ್ಷತಾ ಮಿತ್ರ ಎಂದು ಹಸಿರು ಅಕ್ಷರಗಳಲ್ಲಿತ್ತು. ಮಿತ್ರ ಎಂಬಲ್ಲಿ ತಕಾರಕ್ಕೆ ಕೊಟ್ಟಿದ್ದ ಒತ್ತು ತಪ್ಪಿತ್ತು. ಇಬ್ಬರೂ ಅವನ ಕೈ ಕುಲುಕಿದರು. ಹೊರಗೆ ಕಾರಿಡಾರಿನಲ್ಲಿ ಬೆಳಗಿನ ಬಿಳಿ ಕೋಟಿನವಳು, ಈಗ ತನ್ನ ಬಟ್ಟೆಯಲ್ಲಿ, ನೆಲ ಒರೆಸುತ್ತಿದ್ದಳು. ಬಿಲ್ಲೆ ನೋಡಿ ಏನೋ ಬಡ್ತಿ ಸಿಕ್ಕಿದೆ ಅಂದುಕೊಂಡು ಒಳ್ಳೇದಾಯ್ತು ಸರ್ ಎಂದಳು. ಶಿಕ್ಷೆಯಿಲ್ಲ ಅಂದರೆ ಇದೇ ಎಂದು ಅವನಿಗೆ ಆಗ ಅರ್ಥವಾಯಿತು. ತಾನು ಹೇಳಿದ್ದನ್ನು ಕೇಳಿದವರು ಇದ್ದರು, ಅದು ತಲುಪಬೇಕಾದ ಕಡೆಗೆ ಒಂದು ಹೆಜ್ಜೆಯೂ ಹೋಗಿರಲಿಲ್ಲ.

ನರ್ಸ್ ಈಗ ಎರಡು ಬೀದಿ ಆಚೆ, ಚಪ್ಪಲಿ ಅಂಗಡಿಯ ಮಹಡಿಯ ಮೇಲಿನ ಸಣ್ಣ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವ ಕೆಲಸಕ್ಕಿದ್ದಾಳೆಂದು ಯಾರೋ ಅಂದಿದ್ದರು. ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋದ. ಮೆಟ್ಟಿಲು ಹತ್ತುವಾಗ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿದ. ಪಿನ್ನು ಬೆರಳಿಗೆ ಚುಚ್ಚಿತು. ಅವಳು ಸ್ಟೀಲಿನ ತಟ್ಟೆಯಲ್ಲಿ ಔಷಧಿ ಬಾಟಲಿಗಳನ್ನು ಜೋಡಿಸುತ್ತಿದ್ದಳು. ಒಂದನ್ನು ಎತ್ತಿ ಚೀಟಿ ಓದುತ್ತಿದ್ದಳು, ಇಡುತ್ತಿದ್ದಳು, ಮತ್ತೆ ಅದನ್ನೇ ಎತ್ತಿ ಓದುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಎಣಿಸಿದ. ಒಂದೇ ಬಾಟಲಿ, ಐದು ಸಲ. ಅವನ ಗುರುತು ಸಿಕ್ಕಿತು ಅವಳಿಗೆ, ಬನ್ನಿ ಸರ್ ಎಂದು ಸ್ಟೂಲು ತೋರಿಸಿದಳು. ಅವನು ಸ್ಟೂಲಿನ ತುದಿಯಲ್ಲಿ ಕೂತು ಹೇಳಿದ. ಇಲ್ಲಿ ದನಿ ಅವನ ಹಿಡಿತದಲ್ಲಿರಲಿಲ್ಲ. ನಡುನಡುವೆ ಮಾತು ಕತ್ತರಿಸಿ ಹೋಗುತ್ತಿತ್ತು, ಮತ್ತೆ ಹಿಂದಿನಿಂದ ಶುರುಮಾಡಬೇಕಾಗುತ್ತಿತ್ತು. ಅವಳು ಕೈಯಲ್ಲಿದ್ದ ಬಾಟಲಿ ಕೆಳಗಿಡದೆ ಕೇಳಿದಳು.

“ಹಾಳೆ ಇರಲಿಲ್ಲ,” ಎಂದಳು ಕೊನೆಗೆ.

“ಇರಲಿಲ್ಲ.”

“ನಾನು ನೋಡಿದಾಗ ಇರಲಿಲ್ಲ.”

“ಇರಲಿಲ್ಲಮ್ಮ.”

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಅಳುತ್ತಾಳೆ ಎಂದು ಅವನು ಹೆದರಿದ, ಅತ್ತರೆ ಒಳ್ಳೆಯದು ಎಂದೂ ಅನ್ನಿಸಿತು. ಅತ್ತವರ ಮುಂದೆ ತಲೆ ತಗ್ಗಿಸಿ ಕೂರಬಹುದು. ಅವಳು ತಿರುಗಿದಾಗ ಮುಖ ಒಣಗಿತ್ತು.

“ಕೆಲಸ ಹೋದರೆ ಹೋಗ್ಲಿ ಸರ್. ಮೂರು ವಾರದಿಂದ ನಾನು ನನ್ನ ಕಣ್ಣನ್ನೇ ನಂಬ್ತಿಲ್ಲ. ಮನೇಲಿ ಸ್ಟವ್ ಆರಿಸಿದೀನಾ ಅಂತ ಹತ್ತು ಸಲ ನೋಡ್ತೀನಿ. ಮಗಳಿಗೆ ಜ್ವರ ಬಂದರೆ ಔಷಧಿ ಅಳೆಯೋಕೆ ಪಕ್ಕದ ಮನೆಯವರನ್ನ ಕರೀತೀನಿ. ನೀವು ಆವತ್ತು ಅಲ್ಲೇ ಮೂಲೇಲಿ ಕೂತಿದ್ರಿ. ನಾನು ಆ ಹಾಳೆ ಮುಟ್ಟಿ ನೋಡೋವಾಗ ನೀವು ಬರೀತಾ ಇದ್ರಿ.”

ಹೌದು ಎಂದ. ಅವಳು ಡ್ರಾಯರಿನಿಂದ ಒಂದು ಬಿಳಿ ಕಾಗದ ತೆಗೆದು ಅವನ ಮುಂದಿಟ್ಟಳು. ಈಗ ಹೇಳಿದ್ದನ್ನೆಲ್ಲ ಬರೆಯಿರಿ, ಸಹಿ ಮಾಡಿ, ತಾರೀಕು ಹಾಕಿ ಎಂದಳು. ಅವನು ಬರೆದ. ಅಷ್ಟು ಹೊತ್ತಿಗೆ ಕೈ ತನ್ನ ಅಭ್ಯಾಸದ ಜಾಡು ಹಿಡಿದಿತ್ತು. ಸದರಿ ಕೆಂಪು ಹಾಳೆಯು ಕಣ್ತಪ್ಪಿನಿಂದ ಬೇರೊಂದು ಕಡತಕ್ಕೆ ಸೇರಿಹೋಗಿದ್ದು, ತರುವಾಯ ಸ್ವಸ್ಥಾನಕ್ಕೆ ಮರಳಿರುತ್ತದೆ ಎಂದು ಬರೆದ. ಅವಳು ಎತ್ತಿಕೊಂಡು ಓದಿದಳು. ಎರಡೇ ಸಲ ಓದಿದಳು.

“ಮರಳಿರುತ್ತದೆ ಅಂದ್ರೆ? ಅದೇ ಎದ್ದು ನಡ್ಕೊಂಡು ಹೋಯ್ತಾ?”

ಕಾಗದ ಹರಿದು ಹೊಸದು ಕೊಟ್ಟಳು. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಬರಹವನ್ನು ಯಾರೂ ತಿದ್ದಿರಲಿಲ್ಲ. ಅವನು ನಾನು ಎಂದು ಶುರುಮಾಡಿದ. ನಾನು ತಪ್ಪು ಕಡತಕ್ಕೆ ಕಟ್ಟಿದೆ. ನಾನು ಬಾಗಿಲು ಹಾಕಿಕೊಂಡೆ. ನಾನು ಅದನ್ನು ತೆಗೆದು ಸರಿಯಾದ ಕಡತದಲ್ಲಿ ಇಟ್ಟೆ. ನಾನು ಸುಮ್ಮನಿದ್ದೆ. ಅಕ್ಷರಗಳು ಹೈಸ್ಕೂಲು ಹುಡುಗ ಬರೆದ ಹಾಗೆ ಬಿದ್ದವು. ಅವಳು ಅದನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಧನ್ಯವಾದ ಹೇಳಲಿಲ್ಲ, ಬೈಯಲಿಲ್ಲ. ಅಷ್ಟರಲ್ಲಿ ಇಂಜೆಕ್ಷನ್ನಿಗೆ ರವಿಕೆಯ ತೋಳು ಮಡಿಸಿಕೊಂಡು ಒಬ್ಬಾಕೆ ಒಳಗೆ ಬಂದಳು. ರೋಗಿ ಬಂದಿದ್ದಾರೆ ನೀವು ಏಳಿ ಎಂದು ನರ್ಸ್ ಅವನನ್ನು ಸ್ಟೂಲಿನಿಂದ ಎಬ್ಬಿಸಿದಳು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಅರ್ಧದಲ್ಲೇ, ಗೊತ್ತಿತ್ತು ಎಂದಳು. ಮಾತ್ರೆ ಪಟ್ಟಿಯ ದಿನವೇ ಗೊತ್ತಿತ್ತು, ನೀವಾಗಿ ಹೇಳುತ್ತೀರೋ ಇಲ್ಲವೋ ಅನ್ನುವುದಷ್ಟೇ ಗೊತ್ತಿರಲಿಲ್ಲ ಎಂದಳು. ಆ ಕ್ಷಣ ಅವಳ ಮುಖದಲ್ಲಿ ತಿರಸ್ಕಾರವಿತ್ತೋ ಸಮಾಧಾನವಿತ್ತೋ ಅವನಿಗೆ ಸರಿಯಾಗಿ ಕಾಣಲಿಲ್ಲ. ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡು ನೋಡುವ ಧೈರ್ಯ ಆ ಸಂಜೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಹಾಕಿಕೊಂಡ.

ನರ್ಸ್ ಸೋಮವಾರ ಆಸ್ಪತ್ರೆಗೆ ಬಂದು ಅವನು ಬರೆದುಕೊಟ್ಟದ್ದನ್ನು ದೊಡ್ಡವರ ಮೇಜಿನ ಮೇಲಿಟ್ಟಳು. ಕಾಗದದ ಮೂರು ಪ್ರತಿ ಮಾಡಿಸಿ ಒಂದನ್ನು ಬೀಗದವನಿಗೆ ತಲುಪಿಸಿದ್ದಳು. ಬೀಗದವನಿಗೆ ಬರದ ಸಿಟ್ಟು ಅವನ ಹೆಂಡತಿಗೆ ಬಂತು. ಆಕೆ ದೊಡ್ಡವರ ಕೋಣೆಯ ಮುಂದಿನ ಬೆಂಚಿನ ಮೇಲೆ ಮೂರು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಯಾರೊಂದಿಗೂ ಮಾತಾಡದೆ ಆ ಕಾಗದವನ್ನು ಎದೆಯ ಮೇಲೆ ಹಿಡಿದುಕೊಂಡು ಕೂತಳು. ನಾಲ್ಕನೆಯ ದಿನ ಸಮಿತಿ ಮತ್ತೆ ಸೇರಿತು. ಹಳೆಯ ನಡಾವಳಿಯನ್ನು ರದ್ದುಮಾಡಿ ಹೊಸದನ್ನು ಬರೆಯಲಾಯಿತು. ಬರೆದವನು ಅವನೇ, ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ. ಆಮೇಲೆ ಅವನನ್ನು ನಡಾವಳಿ ಬರೆಯುವ ಕೆಲಸದಿಂದ ತೆಗೆದರು, ಎಚ್ಚರಿಕೆಯ ಪತ್ರ ಕೊಟ್ಟರು. ಶುಕ್ರವಾರದ ಸಭೆ ರದ್ದಾಯಿತು. ಸುರಕ್ಷತೆಯ ಮೇಡಂ ಬಂದು, ತುಂಬಾ ಸಂಕೋಚದಿಂದ, ಬಿಲ್ಲೆ ವಾಪಸು ಕೇಳಿದಳು. ಬೀಗದವನ ಕೈ ಪೂರ್ತಿ ಸರಿಹೋಗಲಿಲ್ಲ. ಈಗ ಯಂತ್ರಕ್ಕೆ ಕೊಟ್ಟು ಕೀಲಿ ನಕಲು ಮಾಡುವುದೊಂದನ್ನೇ ಮಾಡುತ್ತಾನೆ, ಬೀಗ ಬಿಚ್ಚುವುದಿಲ್ಲ.

ಕೆಲಸಕ್ಕೆ ಮರಳಿ ಬರುವಂತೆ ಕರೆದಾಗ ನರ್ಸ್ ಒಂದು ಷರತ್ತು ಹಾಕಿದಳು. ಕೆಂಪು ಹಾಳೆಯನ್ನು ಇನ್ನು ಒಬ್ಬರೇ ಕಟ್ಟಕೂಡದು. ವಾರ್ಡಿನಿಂದ ಒಬ್ಬರು ಕಿಟಕಿಗೆ ಬರಬೇಕು, ಒಳಗಿನವರು ಹಾಳೆ ಓದಬೇಕು, ಹೊರಗಿನವರು ಕಡತ ಓದಬೇಕು, ಹೆಸರು, ತಂದೆಯ ಹೆಸರು, ಸಂಖ್ಯೆ, ಎಲ್ಲ ಗಟ್ಟಿಯಾಗಿ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ. ಅಷ್ಟೇ ತಾನೆ ಎಂದು ದೊಡ್ಡವರು ಒಪ್ಪಿದರು. ವೈದ್ಯರು ಇದನ್ನು ಭಜನೆ ಎಂದು ಕರೆದು ನಕ್ಕರು. ಎರಡನೇ ವಾರ್ಡಿನಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬರುವವಳು ಅವಳೇ. ಬಂದು ನಿಲ್ಲುತ್ತಾಳೆ, ಕಡತ ತೆರೆಯುತ್ತಾಳೆ, ಅವನ ಮುಖ ನೋಡುವುದಿಲ್ಲ. ಮೊದಮೊದಲು ಅವನು, ಇವತ್ತು ಒಂದು ಮಾತಾಡಿಯಾಳು, ಚೆನ್ನಾಗಿದ್ದೀರಾ ಎಂದಾದರೂ ಕೇಳಿಯಾಳು ಎಂದು ಕಾಯುತ್ತಿದ್ದ. ಈಗ ಕಾಯುವುದಿಲ್ಲ.

ಇವತ್ತು ಐದು ಹಾಳೆಗಳಿದ್ದವು. ಹಿಂದೆ ಬೇರೆ ವಾರ್ಡಿನ ನರ್ಸುಗಳು ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೂರನೆಯದನ್ನು ಅವನು ಕನ್ನಡಕದ ಹತ್ತಿರ ಹಿಡಿದು ಓದಿದ. ಹೆಸರು ಓದಿದ, ತಂದೆಯ ಹೆಸರು ಓದಿದ. ಐದು ಸೊನ್ನೆ ಮೂರು ಎಂಟು ಎಂದ. ಅವಳು ಕಡತದ ಮೇಲಿನಿಂದ ತಲೆ ಎತ್ತಲಿಲ್ಲ. ಓದಿದ್ದು ಸರಿಯಾಗಿಯೇ ಇತ್ತು, ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಇನ್ನೊಂದ್ಸಲ,” ಎಂದಳು.

ಅವನು ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು ಇನ್ನೊಂದು ಸಲ ಓದಿದ.